ಪರ 450 ಪದ, ವಿರೋಧ 450 ಪದ

ಪತ್ರಿಕೆಯ ಚರ್ಚಾಪುಟ ತುಂಬಿಸಲು ಮೊದಲು ಬೇಕಾದದ್ದು ವಿಷಯವಲ್ಲ, ಪ್ರಶ್ನಾರ್ಥಕ ಚಿಹ್ನೆ. ‘ಟ್ರಾನ್ಸ್ ಹಕ್ಕು: ಹೆಣ್ಣುಮಕ್ಕಳಿಗೆ ಕುತ್ತು?’ ಕುತ್ತು ಇದೆ ಎಂದು ಪತ್ರಿಕೆ ಎಲ್ಲಿ ಹೇಳಿತು? ಸುಮ್ಮನೆ ಕೇಳಿತು, ಅಷ್ಟೆ. ನಾಳೆ ಯಾರಾದರೂ ತಗಾದೆ ತೆಗೆದರೆ ಆ ಕೊಕ್ಕೆಯನ್ನು ತೋರಿಸಿದರಾಯಿತು.

ಆಮೇಲೆ ಪರ 450 ಪದ, ವಿರೋಧ 450 ಪದ. ಎರಡನ್ನೂ ನಿವೃತ್ತ ಗಂಡಸರೇ ಬರೆದರೆ ಸಮತೋಲನ ಬರುತ್ತದೆ. ಹೆಣ್ಣುಮಕ್ಕಳ ಪೈಕಿ ಒಬ್ಬರಿಗೆ, ಲಿಂಗತ್ವ ಅಲ್ಪಸಂಖ್ಯಾತರ ಪೈಕಿ ಒಬ್ಬರಿಗೆ ತಲಾ 60 ಪದದ ಬಾಕ್ಸು. ಮೊದಲನೆಯವರನ್ನು ‘ನಿಮಗೆ ಭಯವಾಗುತ್ತಾ?’ ಎನ್ನಬೇಕು, ಎರಡನೆಯವರನ್ನು ‘ಆಪರೇಷನ್ ಆಗಿದೆಯಾ?’ ಎನ್ನಬೇಕು. ಬೇರೇನಾದರೂ ಕೇಳಿದರೆ ಉತ್ತರ ಬಾಕ್ಸಿನಲ್ಲಿ ಹಿಡಿಸುವುದಿಲ್ಲ.

ಪರ ಲೇಖನ ಅರ್ಧನಾರೀಶ್ವರನಿಂದ ಹೊರಡುತ್ತದೆ. 150ನೇ ಪದಕ್ಕೆ ಮೋಹಿನಿ, 250ಕ್ಕೆ ವಿರಾಟನ ಅರಮನೆಯ ಬೃಹನ್ನಳೆ, 350ಕ್ಕೆ ಶಿಖಂಡಿ. ಮೂರನೇ ಲಿಂಗವನ್ನು ಮಾನ್ಯ ಮಾಡಿ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಕೊಟ್ಟ ನಾಲ್ಸಾ ತೀರ್ಪು ತಲುಪುವಷ್ಟರಲ್ಲಿ 430 ಮುಗಿದಿರುತ್ತದೆ. ವಿರೋಧ ಲೇಖನಕ್ಕೆ ಪಾಸ್‌ಪೋರ್ಟೇ ಬೇಕು. ‘ಇದೆಲ್ಲ ಪಾಶ್ಚಾತ್ಯ ಪಿಡುಗು’ ಎಂದು ಶುರುಮಾಡಿ ಇಂಗ್ಲೆಂಡಿನ ಶೌಚಾಲಯ, ಅಮೆರಿಕದ ಈಜುಕೊಳ ಎಲ್ಲವನ್ನೂ ಸುತ್ತಿ ಬರುತ್ತದೆ, ತನ್ನದೇ ಊರಿನ ಬಸ್ ನಿಲ್ದಾಣದ ಶೌಚಾಲಯವೊಂದನ್ನು ಬಿಟ್ಟು. ಅಲ್ಲಿಗೆ ಬಂದರೆ ಕಷ್ಟ. ಯಾರು ಒಳಗೆ ಹೋಗಬಹುದು ಎಂದು ಇಷ್ಟು ಹೊತ್ತು ವಾದಿಸಿದ ಬಾಗಿಲಿಗೆ ಒಳಗಿನಿಂದ ಚಿಲಕವೇ ಇರುವುದಿಲ್ಲ.

ರಾತ್ರಿ ಹತ್ತಕ್ಕೆ ಜಾಹೀರಾತೊಂದು ಬಂದಿಳಿದರೆ ಉಪಸಂಪಾದಕರು ಲೇಖನವನ್ನು ಬಾಲದಿಂದ ಕತ್ತರಿಸುತ್ತಾರೆ. ಸುದ್ದಿಮನೆಯ ಹಳೇ ಪದ್ಧತಿ ಅದು, ಯಾರ ಮೇಲಿನ ದ್ವೇಷವೂ ಅಲ್ಲ. ಹಾಗಾಗಿ ಅರ್ಧನಾರೀಶ್ವರ ಸದಾ ಉಳಿಯುತ್ತಾನೆ, ಕಾಯ್ದೆ ಸದಾ ಬುಟ್ಟಿ ಸೇರುತ್ತದೆ. ಹಾಗೆ ಬುಟ್ಟಿ ಸೇರುವ ಸಾಲುಗಳಲ್ಲಿ ಇದೂ ಒಂದು: ಟ್ರಾನ್ಸ್ ವ್ಯಕ್ತಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಅವರ ಹಕ್ಕು ರಕ್ಷಣೆಗೆಂದೇ ಬಂದ 2019ರ ಕಾಯ್ದೆಯ 18ನೇ ಕಲಂ ಇಟ್ಟ ಶಿಕ್ಷೆ 6 ತಿಂಗಳಿಂದ 2 ವರ್ಷ. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಆ ಹೊತ್ತಿಗಾಗಲೇ ಕನಿಷ್ಠ 10 ವರ್ಷ ಇತ್ತು. ‘ಇವರಿಗೇಕೆ ವಿಶೇಷ ಸವಲತ್ತು?’ ಎಂದು ಗುಡುಗುವ ಓದುಗರು ಈ ಎಂಟು ವರ್ಷದ ರಿಯಾಯಿತಿಯನ್ನು ಗಮನಿಸಿದಂತಿಲ್ಲ. ಅದು ದಕ್ಕಿರುವುದು ಹಲ್ಲೆಕೋರನಿಗೆ.

ಇನ್ನು ಭಾಷೆಯ ಗೋಳು. ‘ಅವನು ಅನ್ನೋದಾ, ಅವಳು ಅನ್ನೋದಾ? ವರದಿ ಬರೆಯುವುದೇ ಕಷ್ಟವಾಗಿದೆ!’ ಬಂದನು, ಬಂದಳುಗಳ ಪಕ್ಕದಲ್ಲೇ ‘ಬಂದರು’ ಎಂಬುದೊಂದು ಕನ್ನಡದಲ್ಲಿ ಬಿಟ್ಟಿಯಾಗಿ ಬಿದ್ದಿದೆ. ಹಗರಣದಲ್ಲಿ ಸಿಕ್ಕಿಬಿದ್ದ ಶಾಸಕ ‘ಅವರು’, ಜಾಮೀನು ಸಿಗದ ಉದ್ಯಮಿಯೂ ‘ಅವರು’. ಸಿಗ್ನಲ್ಲಿನಲ್ಲಿ ನಿಂತ ಜೀವದ ಸರದಿ ಬಂದಾಗ ಮಾತ್ರ ಬಹುವಚನದ ದಾಸ್ತಾನು ಮುಗಿದಿರುತ್ತದೆ. ‘ಲಿಂಗ ಎರಡೇ, ಇದು ನಮ್ಮ ಸಂಸ್ಕೃತಿ’ ಎಂಬ ಪತ್ರವಂತೂ ತಪ್ಪದೆ ಬರುತ್ತದೆ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಒಂಬತ್ತು ಎಣಿಸಿಟ್ಟಿದ್ದಾನೆ. (ಅವು ಪದಗಳ ಲಿಂಗ, ಮನುಷ್ಯರವಲ್ಲ ಎಂದು ಯಾರಾದರೂ ತಿದ್ದಿದರೆ ಸಂತೋಷ. ವ್ಯಾಕರಣ ಓದಿದ ಓದುಗರೊಬ್ಬರು ಸಿಕ್ಕಂತಾಯಿತು.)

ಶೀರ್ಷಿಕೆಯ ಅಚ್ಚುಗಳು ಎರಡೇ: ನಗರ ಪುಟದಲ್ಲಿ ‘ಹಾವಳಿ’, ಭಾನುವಾರದ ಪುರವಣಿಯಲ್ಲಿ ‘ಸಾಧನೆ’. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದರಲ್ಲ, ಆ ಚಿತ್ರ ಎರಡನೆಯದಕ್ಕೆ ಹೇಳಿ ಮಾಡಿಸಿದಂತಿತ್ತು. ಪದ್ಮಶ್ರೀಯೂ ಇಲ್ಲದ, ಹಾವಳಿಯನ್ನೂ ಮಾಡದ, ಸುಮ್ಮನೆ ಬಾಡಿಗೆ ಮನೆ ಹುಡುಕುತ್ತಿರುವವರಿಗೆ ಪುಟ ಯಾವುದು?

ಓದುಗರ ಸ್ತ್ರೀಪರ ಕಾಳಜಿಗೂ ವಾರವಿದೆ. ಮಂಗಳವಾರ ಟ್ರಾನ್ಸ್ ಚರ್ಚೆಗೆ ಬಂದ ಪತ್ರ: ‘ನಮ್ಮ ತಾಯಂದಿರು, ಸಹೋದರಿಯರ ಗತಿಯೇನು?’ ಗುರುವಾರ ಅದೇ ಕೈಬರಹ: ‘ಫ್ರೀ ಬಸ್ಸಿನಿಂದ ಹೆಂಗಸರ ಕಾಟ, ಸೀಟೇ ಸಿಗುತ್ತಿಲ್ಲ.’ 2023ರ ಜೂನ್ 11ರಂದು ಹೊರಟ ಶಕ್ತಿ ಯೋಜನೆಯ ಬಸ್ಸಿನಲ್ಲಿ ಟ್ರಾನ್ಸ್ ಮಹಿಳೆಯರಿಗೂ ಟಿಕೆಟ್ಟಿಲ್ಲ. ಕುತ್ತು ತರುವವರೂ ಕುತ್ತಿಗೊಳಗಾದವರೂ ಒಂದೇ ಸೀಟಿನಲ್ಲಿ ಕೂತು ಊರು ಸೇರುತ್ತಿದ್ದಾರೆ, ಈ ಓದುಗರು ಮಾತ್ರ ಇಬ್ಬರ ಮೇಲೂ ಸಿಟ್ಟಾಗಿ ಕಂಬ ಹಿಡಿದು ನಿಂತಿದ್ದಾರೆ.

ಮಹಿಳಾ ಮೀಸಲಾತಿ ಮಸೂದೆ 1996ರಲ್ಲಿ ಮಂಡನೆಯಾಗಿ 2023ರಲ್ಲಿ ಅಂಗೀಕಾರವಾಯಿತು. ಜಾರಿಗೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆಗಲಿ ಎಂಬ ಷರತ್ತಿನೊಂದಿಗೆ. ಆ 27 ವರ್ಷ ಹೆಣ್ಣುಮಕ್ಕಳ ಸೀಟು ತಡೆದು ನಿಂತವರಲ್ಲಿ ಟ್ರಾನ್ಸ್ ಮಹಿಳೆಯರು ಇದ್ದಂತೆ ಕಾಣೆ. ಆದರೆ 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ ಶೇ 1 ಮೀಸಲಿಟ್ಟದ್ದೇ ತಡ, ‘ನಮ್ಮ ಮಕ್ಕಳು ಎಲ್ಲಿಗೆ ಹೋಗಬೇಕು?’ ಎಂಬ ಪ್ರಶ್ನೆ ಸಿದ್ಧವಾಯಿತು. ಇನ್ನುಳಿದ 99ಕ್ಕೆ ಹೋಗಬಹುದು. ಅರ್ಹರು ಸಿಗದಿದ್ದರೆ ಆ ಒಂದು ಹುದ್ದೆಯೂ ಅದೇ ವರ್ಗದ ಗಂಡಸರಿಗೋ ಹೆಂಗಸರಿಗೋ ಹೋಗುತ್ತದೆಂದು ನಿಯಮದಲ್ಲೇ ಇದೆ. ಅದೂ 450ನೇ ಪದದ ಆಚೆ ಇದ್ದ ಸಾಲು.

ಕತ್ತರಿಸಿದ ಜಾಗಕ್ಕೆ ಬಂದು ಕೂತ ಜಾಹೀರಾತು ಪುರುಷತ್ವ ವೃದ್ಧಿಸುವ ಲೇಹ್ಯದ್ದು. ಎರಡು ಕಾಲಂ, ನಾಲ್ಕು ಬಣ್ಣ, ಪ್ರಶ್ನಾರ್ಥಕ ಚಿಹ್ನೆ ಇಲ್ಲ.