ಹಳೆಯ ಬೋಟಿನ ಟಾಯ್ಲೆಟ್ ಕಿತ್ತೆಸೆಯುವ ಮೊದಲು

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯಿಂದ ಗೋವಾಕ್ಕೆ ದುಡಿಯಲು ಹೋಗುವ ನಮ್ಮ ಹುಡುಗರಲ್ಲಿ ಕೆಲವರು ಈಗ ಕಟ್ಟಡದ ಕೆಲಸ ಬಿಟ್ಟು ಬೋಟು ರಿಪೇರಿಗೆ ಸೇರಿಕೊಂಡಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಕೊಪ್ಪಳದ ನನ್ನ ಪಂಪ್ ಅಂಗಡಿಯಲ್ಲಿ ಕುಳಿತು ಅವರು ಹೆಚ್ಚಾಗಿ ಕೇಳುವುದು ಎಂಜಿನ್ ಬಗ್ಗೆ ಅಲ್ಲ, ಟಾಯ್ಲೆಟ್ ಬಗ್ಗೆ. ಮಾಂಡೋವಿ ದಡದಲ್ಲಿ ಬಹಳ ಕಾಲ ಆ ಕೆಲಸವನ್ನೇ ಮಾಡಿದವನಾದ್ದರಿಂದ, ಅವರ ಬಾಯಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತು ನನ್ನನ್ನು ಕಾಡುತ್ತದೆ: ‘ಕೆಟ್ಟಿತ್ತು, ಮಾಲೀಕರು ಹೇಳಿದರು, ಕಿತ್ತು ಹೊಸದು ಹಾಕಿದೆವು.’ ಕೈಯಿಂದ ಒತ್ತುವ ಹಳೆಯ ಟಾಯ್ಲೆಟ್‌ಗಳ ಮಟ್ಟಿಗೆ ಇದು ಬಹುತೇಕ ಸಲ ದಂಡದ ಖರ್ಚು. ಕೆಟ್ಟಿರುವುದು ಸಾಮಾನ್ಯವಾಗಿ ಒಂದು ರಬ್ಬರ್ ತುಂಡು, ಇಲ್ಲವೇ ಸುಣ್ಣ ಕಟ್ಟಿದ ಹೋಸ್ ಪೈಪು. ಆ ಪೈಪನ್ನು ಹಾಗೆಯೇ ಬಿಟ್ಟು ಅದಕ್ಕೆ ಹೊಸ ಕಮೋಡು ಜೋಡಿಸಿದರೆ ಹಳೆಯ ರೋಗ ಹೊಸದಕ್ಕೂ ಅಂಟುತ್ತದೆ.

ನಮ್ಮ ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಬೋರಿಂಗ್ ಬಿಚ್ಚಿ ಜೋಡಿಸಿದವರಿಗೆ ಈ ಯಂತ್ರ ಹೊಸದಲ್ಲ. ಇಂಡಿಯಾ ಮಾರ್ಕ್ 2 ಕೈಪಂಪಿನಲ್ಲಿ ಬಹಳ ಹೊತ್ತು ಒತ್ತಿದ ಮೇಲೆಯೇ ನೀರು ಬರುತ್ತಿದ್ದರೆ ಕೆಳಗಿನ ವಾಲ್ವ್ ನೀರನ್ನು ಹಿಡಿದು ನಿಲ್ಲಿಸುತ್ತಿಲ್ಲ ಎಂದೂ, ಹ್ಯಾಂಡಲ್ ಹಗುರವಾಗಿ ಆಡಿದರೂ ನೀರು ಕಡಿಮೆ ಬಂದರೆ ವಾಷರ್ ಸವೆದಿದೆ ಎಂದೂ ಅವರು ನೋಡಿದ ಕೂಡಲೇ ಹೇಳುತ್ತಾರೆ. ಬೋಟಿನ ಟಾಯ್ಲೆಟ್ಟಿನ ಪಂಪೂ ಒಂದು ಪಿಸ್ಟನ್ ಮತ್ತು ಕೆಲವು ವಾಲ್ವ್‌ಗಳಷ್ಟೇ. ಪಿಸ್ಟನ್ನಿನ ಮೇಲಿನ ಭಾಗ ಸಮುದ್ರದ ನೀರನ್ನು ಎಳೆದು ಕಮೋಡಿಗೆ ಬಿಡುತ್ತದೆ, ಕೆಳಗಿನ ಭಾಗ ಕೊಳೆಯನ್ನು ಹೊರಕ್ಕೆ ದೂಡುತ್ತದೆ. ಕೊಳೆ ಹೊರಹೋಗುವ ಬಾಯಿಯಲ್ಲಿ ಜೋಕರ್ ವಾಲ್ವ್ ಕೂರುತ್ತದೆ. ಅದು ತುದಿಯಲ್ಲಿ ಸೀಳಿರುವ ರಬ್ಬರಿನ ಮೂತಿ; ಒಳಗಿಂದ ಒತ್ತಡ ಬಂದಾಗ ತೆರೆದು, ನಿಂತಾಗ ಮುಚ್ಚಿಕೊಳ್ಳಬೇಕು.

ಎಲ್ಲ ತೊಂದರೆಯ ಮೂಲ ಹೆಚ್ಚಾಗಿ ಈ ಮೂತಿಯಲ್ಲೇ ಇರುತ್ತದೆ. ಮೂತ್ರ ಕೊಳೆತಾಗ ಅಮೋನಿಯಾ ಹುಟ್ಟಿ ನೀರು ಕ್ಷಾರವಾಗುತ್ತದೆ. ಆಗ ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಗಟ್ಟಿ ಸುಣ್ಣವಾಗಿ ಪೈಪಿನ ಒಳಗೋಡೆಗೂ ವಾಲ್ವಿನ ಸೀಳಿಗೂ ಕಟ್ಟುತ್ತದೆ. ಹಳೆಯ ಜೋಕರ್ ವಾಲ್ವನ್ನು ಬಿಚ್ಚಿ ಕೈಯಲ್ಲಿ ಹಿಡಿದರೆ ಸೀಳಿನ ಅಂಚಿನಲ್ಲಿ ಬೂದು ಬಣ್ಣದ ಹರಳು ಬೆರಳಿಗೆ ಚುಚ್ಚುತ್ತದೆ, ರಬ್ಬರ್ ಬಿರುಸಾಗಿ ಬಾಯಿ ಅರ್ಧ ತೆರೆದೇ ಇರುತ್ತದೆ. ಅದನ್ನು ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ. ಹೊಸದಕ್ಕೆ ಹೆಚ್ಚು ಬೆಲೆಯಿಲ್ಲ, ಸದಾ ಬಳಸುವ ಬೋಟಿನಲ್ಲಿ ವರ್ಷಕ್ಕೊಮ್ಮೆ ಬದಲಿಸುವುದೇ ಸರಿ.

ಬಿಚ್ಚುವ ಮೊದಲು ಕಣ್ಣಿನಿಂದ ಓದಿಕೊಳ್ಳಬೇಕಾದದ್ದು ಬಹಳ ಇದೆ. ಕಮೋಡನ್ನು ಪೂರ್ತಿ ಖಾಲಿ ಮಾಡಿ ಬಿಡಿ. ಸ್ವಲ್ಪ ಹೊತ್ತಿನಲ್ಲಿ ವಾಸನೆಯ ಕಂದು ನೀರು ಒಂದಿಷ್ಟು ಬಂದು ನಿಂತುಬಿಟ್ಟರೆ, ಹೊರಪೈಪಿನಲ್ಲಿ ಉಳಿದದ್ದು ಜೋಕರ್ ವಾಲ್ವ್ ದಾಟಿ ಹಿಂದಕ್ಕೆ ಇಳಿದಿದೆ. ತಿಳಿ ನೀರು ನಿಲ್ಲದೆ ಏರುತ್ತಿದ್ದರೆ ಅದು ಒಳಬರುವ ಪೈಪಿನ ಕಡೆಯ ತೊಂದರೆ. ಕಮೋಡು ನೀರಿನ ಮಟ್ಟಕ್ಕಿಂತ ಕೆಳಗಿರುವ ಬೋಟಿನಲ್ಲಿ ಇದನ್ನು ಅಲಕ್ಷಿಸಬಾರದು. ಪೈಪನ್ನು ಮೇಲಕ್ಕೆ ಬಾಗಿಸಿ, ಅದರ ನೆತ್ತಿಯಲ್ಲಿ ಗಾಳಿ ಒಳಬರುವ ವ್ಯವಸ್ಥೆ ಮಾಡಿರದಿದ್ದರೆ ಸಮುದ್ರ ತಾನಾಗಿ ಒಳಗೆ ಹರಿದು, ಬೋಟೇ ಮುಳುಗುವ ಅಪಾಯ ನಿಜವಾದದ್ದು. ಹ್ಯಾಂಡಲ್ ಒತ್ತಲು ಕಲ್ಲಿನಂತೆ ಬಿಗಿಯಾಗಿದ್ದರೆ ಬಲ ಹಾಕಬೇಡಿ, ಕೊಳೆ ಬೋಟಿನಿಂದ ಹೊರಹೋಗುವ ತೂತಿನ ವಾಲ್ವ್ ಮುಚ್ಚಿದೆಯೇ ನೋಡಿ; ತೆರೆದಿದ್ದೂ ಬಿಗಿಯಿದ್ದರೆ ಪೈಪು ಕಟ್ಟಿದೆ. ಹಗುರವಾಗಿ ಆಡಿದರೂ ನೀರು ಎಳೆಯದಿದ್ದರೆ ಪಿಸ್ಟನ್ನಿನ ಸುತ್ತಲಿನ ರಬ್ಬರ್ ಬಳೆ, ಅಂದರೆ ಓ-ರಿಂಗ್ ನೋಡಿ. ರಾಡಿನ ಸುತ್ತ ನೀರು ಒಸರಿದರೆ ಮೇಲಿನ ಸೀಲು ಹೋಗಿದೆ, ಅಷ್ಟೇ.

ಪೈಪಿನ ವಿಷಯದಲ್ಲಿ ನಮ್ಮವರು ಹೆಚ್ಚು ಅವಸರ ಮಾಡುತ್ತಾರೆ. ಹೊರಹೋಗುವ ಹೋಸಿನ ಒಳಅಳತೆ ಸಾಮಾನ್ಯವಾಗಿ 38 ಮಿಲಿಮೀಟರ್. ಹಳೆಯ ಬೋಟುಗಳಲ್ಲಿ ಸುಣ್ಣ ಬೆಳೆದು ಬೆರಳು ತೂರುವಷ್ಟೇ ದಾರಿ ಉಳಿದಿರುವುದನ್ನು ನಾನು ನೋಡಿದ್ದೇನೆ. ಪೈಪು ಇನ್ನೂ ಮೆತ್ತಗಿದ್ದರೆ ಕಿತ್ತು ದಡಕ್ಕೆ ತಂದು ಸಿಮೆಂಟ್ ನೆಲಕ್ಕೆ ಬಡಿಯಿರಿ, ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆಮ್ಲ ಬಳಸುವುದಾದರೆ ನೀರಿಗೆ ಆಮ್ಲ ಸುರಿಯಬೇಕೇ ಹೊರತು ಆಮ್ಲಕ್ಕೆ ನೀರಲ್ಲ; ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬೋಟಿನ ಆ ಇಕ್ಕಟ್ಟು ಕೋಣೆಯಲ್ಲಿ ಅದು ಪ್ರಾಣಕ್ಕೇ ಬಂದೀತು. ಎಷ್ಟು ತೊಳೆದರೂ ವಾಸನೆ ಹೋಗದಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಪೈಪಿನ ಹೊರಮೈ ಒರೆಸಿ, ಬಟ್ಟೆ ಆರಿದ ಮೇಲೆ ಮೂಸಿ ನೋಡಿ. ಬಟ್ಟೆಗೆ ವಾಸನೆ ಹತ್ತಿದ್ದರೆ ಪೈಪಿನ ಗೋಡೆಯೇ ನೆನೆದಿದೆ, ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ.

ಬೋಟಿನ ಹೊಟ್ಟೆಯಲ್ಲಿ ಸಮುದ್ರದ ನೀರು ಒಳಬರುವ ತೂತಿಗೊಂದು, ಕೊಳೆ ಹೊರಹೋಗುವ ತೂತಿಗೊಂದು ಇರುವ ಎರಡೂ ವಾಲ್ವ್‌ಗಳನ್ನು ಮುಚ್ಚದೆ ಒಂದು ಕ್ಲಿಪ್ಪನ್ನೂ ಸಡಿಲಿಸಬೇಡಿ. ಹಳೆಯ ಹಿತ್ತಾಳೆಯ ಗೇಟ್ ವಾಲ್ವ್‌ಗಳನ್ನು ಉಪ್ಪುನೀರು ಒಳಗೇ ತಿಂದಿರುತ್ತದೆ. ಚಕ್ರ ತಿರುಗಿದರೂ ಗೇಟು ಮುಚ್ಚಿರುವುದಿಲ್ಲ, ಜೋರಾಗಿ ತಿರುಗಿಸಿದರೆ ಮುರಿದು ಕೈಗೆ ಬರುತ್ತದೆ. ನೀರು ನುಗ್ಗಿದರೆ ತೂತಿಗೆ ಬಡಿಯಲು ಅದರ ಅಳತೆಯ ಮರದ ಗೂಟ ಪಕ್ಕದಲ್ಲಿರಲಿ. ಅನುಮಾನ ಬಂದರೆ ಬೋಟನ್ನು ದಡಕ್ಕೆ ಎಳೆಸಿಯೇ ಕೆಲಸ ಮಾಡಿ, ಮಾಲೀಕರು ಎಷ್ಟೇ ಅವಸರ ಮಾಡಲಿ.

ಈ ಕೆಲಸವನ್ನು ಕೀಳೆಂದು ಯಾರಿಗೋ ಒಪ್ಪಿಸುವ ರೂಢಿ ಬಂದರುಗಳಲ್ಲೂ ಇದೆ, ನಮ್ಮೂರುಗಳಲ್ಲೂ ಇದೆ. ಮಾಡುವವನಿಗೆ ಕೈಗವಸು ಇಲ್ಲ, ಗಾಳಿಯಾಡಲು ಫ್ಯಾನಿಲ್ಲ, ಎಂಜಿನ್ ಮುಟ್ಟಿದವನಿಗಿಂತ ಕೂಲಿಯೂ ಕಡಿಮೆ. ನಾನು ಇದನ್ನು ಒಪ್ಪುವುದಿಲ್ಲ. ಹಾಗಾಗಿ ಲಿಂಗಸುಗೂರಿನ ಹುಡುಗರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ: ಮಾಲೀಕರಿಗೆ ಅಂದಾಜು ಕೊಡುವಾಗ ಮೊದಲ ಸಾಲಿನಲ್ಲಿ ಹೊಸ ಹೋಸಿನ ಬೆಲೆ, ಎರಡನೆಯದರಲ್ಲಿ ವಾಲ್ವ್ ಮತ್ತು ಸೀಲಿನ ರಿಪೇರಿ ಕಿಟ್, ಮೂರನೆಯದರಲ್ಲಿ ಕೈಗವಸು ಸೇರಿಸಿ ನಿಮ್ಮ ಕೂಲಿ ಬರೆಯಿರಿ, ಹೊಸ ಟಾಯ್ಲೆಟ್ಟಿನ ಬೆಲೆಯನ್ನು ಪಕ್ಕದಲ್ಲೇ ತೋರಿಸಿ. ರಿಪೇರಿಯ ಮೊತ್ತ ಎಷ್ಟು ಕಡಿಮೆ ಎಂಬುದನ್ನು ಅವರು ತಾವೇ ಕೂಡಿಸಿ ನೋಡಲಿ.