ಶ್ಯೂರಿಟಿ ಹಾಕಬೇಡಿ ಎನ್ನುವ ಹಾಗಿಲ್ಲ

ಐವತ್ತು ದಾಟಿದ ಹೆಂಗಸು ಕಾಲೇಜಿಗೆ ಸೇರಿದರೆ ಮಂಗಳೂರಿನಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ. ನೇರವಾಗಿ ಕಾರಣ ಹುಡುಕಲು ಶುರು ಮಾಡುತ್ತಾರೆ. ನಾನು ಎಂಎಸ್‌ಡಬ್ಲ್ಯೂ, ಅಂದರೆ ಮಾಸ್ಟರ್ ಆಫ್ ಸೋಶಿಯಲ್ ವರ್ಕ್ ಸೇರಿದ ಸುದ್ದಿ ಹಬ್ಬಿದ್ದೇ ತಡ, ಅತ್ತಿಗೆ ಫೋನ್ ಮಾಡಿ ದನಿ ತಗ್ಗಿಸಿ, "ಮನೆಯಲ್ಲಿ ಎಂತಾದ್ರೂ ಕಿರಿಕಿರಿ ಉಂಟಾ?" ಎಂದು ವಿಚಾರಿಸಿದರು. ಮೇಲಿನ ಫ್ಲ್ಯಾಟಿನ ರಾಯರಿಗೆ ಮಾತ್ರ ಅನುಮಾನವೇ ಇರಲಿಲ್ಲ. "ಕಾರ್ಪೊರೇಷನ್ ಇಲೆಕ್ಷನಿಗಲ್ವಾ? ಯಾವ ಪಾರ್ಟಿ?" ಎಂದರು. ಸಮಾಜಕಾರ್ಯ ಎಂದರೆ ರಕ್ತದಾನ ಶಿಬಿರ, ಶಾಲು, ಮರುದಿನದ ಪೇಪರಿನಲ್ಲಿ ಫೋಟೊ, ಇಷ್ಟೇ ಎಂದು ತಿಳಿದವರಿಗೆ ಅದು ಎರಡು ವರ್ಷದ ಸ್ನಾತಕೋತ್ತರ ಪದವಿ ಎಂದು ನಂಬಿಸುವುದು ಸುಲಭವಲ್ಲ. "ಶಾಲು ಹೊದಿಸ್ಲಿಕ್ಕೂ ಪರೀಕ್ಷೆ ಉಂಟಾ?" ಎಂದು ನನ್ನ ಗಂಡನೇ ಕೇಳಿದ ಮೇಲೆ ಹೊರಗಿನವರನ್ನು ಏನು ಅನ್ನುವುದು!

ನಿಜವಾದ ಕಾರಣ ಬ್ಯಾಂಕು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿ ದೇಶವೆಲ್ಲ ಬೆಳೆದ ಐದು ದೊಡ್ಡ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೂ ಸೇರಿಹೋದವು. ನಾನಿದ್ದದ್ದು ಈ ಮೂರರಲ್ಲಿ ಒಂದರಲ್ಲಿ. ಯಾವುದರಲ್ಲಿ ಎಂದು ಕೇಳಬೇಡಿ, ನನಗೆ ಪೆನ್ಶನ್ ಬರಬೇಕು. ಬೋರ್ಡು ಬದಲಾಯಿತು, ಸಾಫ್ಟ್‌ವೇರ್ ಬದಲಾಯಿತು. ನಾನು ಸ್ವಯಂನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತೆ. ಕೂತವಳು ಸುಮ್ಮನಿರಲಿಲ್ಲ, ಗಂಡನಿಗೆ, ಮಗನಿಗೆ, ಮೀನಿನವಳಿಗೆ, ವಾಚ್‌ಮನ್‌ಗೆ ದಿನವಿಡೀ ಸಲಹೆ ಕೊಡತೊಡಗಿದೆ. ಅರ್ಜಿ ಫಾರಂ ತಂದುಕೊಟ್ಟದ್ದು ಗಂಡನೇ.

ಮೊದಲ ದಿನ ನಾನು ಒಳಗೆ ಹೋದಾಗ ಕ್ಲಾಸಿನ ಮಕ್ಕಳೆಲ್ಲ ಎದ್ದು ನಿಂತರು ಎಂಬ ಕತೆಯನ್ನು ನೀವು ಆಗಲೇ ಊಹಿಸಿರುತ್ತೀರಿ. ನಿಂತರು. ಮುಂದೆ ಹೋಗೋಣ.

ನಮ್ಮದು ಕ್ರೈಸ್ತ ವಿಶ್ವವಿದ್ಯಾಲಯ. ಕ್ಲಾಸಿನಲ್ಲಿ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ ಹುಡುಗಿಯರು, ಕೆಲವರು ಸಿಸ್ಟರ್‌ಗಳು, ಪಾದ್ರಿಯಾಗಲು ಓದುತ್ತಿರುವ ಒಬ್ಬ ಬ್ರದರ್, ಮತ್ತು ಎಲ್ಲರ ಆಂಟಿಯಾದ ನಾನು. ಬೆಳಿಗ್ಗೆ ಪ್ರಾರ್ಥನೆಯಿಂದ ದಿನ ಶುರು. ಇದರಲ್ಲಿ ನನಗೆ ತೊಂದರೆಯಾಗಲಿಲ್ಲ, ಯಾಕೆಂದರೆ ಇಲ್ಲಿ ಕಾನ್ವೆಂಟಿನಲ್ಲಿ ಓದಿದ ನನ್ನ ಕಾಲದ ಹಿಂದೂ ಹುಡುಗಿಯರಿಗೆ ಹದಿಮೂರರ ಮಗ್ಗಿ ತಪ್ಪಬಹುದು, ಯೇಸುವಿನ ಪ್ರಾರ್ಥನೆ ತಪ್ಪುವುದಿಲ್ಲ. ಪಕ್ಕದಲ್ಲಿದ್ದ ಕೊಂಕಣಿ ಹುಡುಗ ಮೊಬೈಲಿನಲ್ಲಿ ಕೀರ್ತನೆಯ ಎರಡನೇ ಚರಣ ಹುಡುಕುತ್ತಿದ್ದವನು ನಾನು ನೋಡದೆ ಹಾಡುವುದನ್ನು ಕೇಳಿ, "ಆಂಟಿ, ನೀವು ಯಾವ ಇಗರ್ಜಿಯವರು?" ಎಂದು ಪಿಸುಗುಟ್ಟಿದ. "ಮಂಗಳಾದೇವಿ," ಎಂದೆ.

ಸಮಾಜಕಾರ್ಯದ ಪಾಠದಲ್ಲಿ ನಟನೆ ಬಹಳ. ಕುಟುಂಬ ಕಲಹ, ಕುಡಿತ, ಆಸ್ತಿ ಜಗಳ ಎಲ್ಲವನ್ನೂ ಕ್ಲಾಸಿನಲ್ಲಿ ಅಭಿನಯಿಸಿ ತೋರಿಸಿ ಆಮೇಲೆ ಚರ್ಚಿಸಬೇಕು. ಯಾವ ಪ್ರಸಂಗವಿದ್ದರೂ ಅತ್ತೆಯ ಪಾತ್ರ ನನಗೆ. ಒಮ್ಮೆ ಹಟಹಿಡಿದು ಮನೆ ಬಿಟ್ಟು ಓಡಿಹೋಗುವ ಹದಿನಾರರ ಹುಡುಗಿಯ ಪಾತ್ರ ಗಿಟ್ಟಿಸಿಕೊಂಡೆ. ಓಡಿಹೋಗುವ ಮೊದಲು ಗ್ಯಾಸ್ ಬಂದ್ ಮಾಡಿ, ಹಾಲು ಫ್ರಿಜ್ಜಿನಲ್ಲಿಟ್ಟು, ಬಾಗಿಲು ಎಳೆದು ನೋಡಿದ್ದರಿಂದ ಅಭಿನಯ ನೈಜವಾಗಿಲ್ಲವೆಂದು ತೀರ್ಮಾನವಾಯಿತು.

ಸೆಮಿನಾರಿನಲ್ಲಿ ವೃತ್ತಿಯ ಚರಿತ್ರೆ ಬಂತು. ಮಕ್ಕಳು ಒಳ್ಳೆಯ ಸ್ಲೈಡ್ ಮಾಡಿದ್ದರು: 1889ರಲ್ಲಿ ಶಿಕಾಗೋದಲ್ಲಿ ಜೇನ್ ಆಡಮ್ಸ್ ತೆರೆದ ಹಲ್ ಹೌಸ್, 1936ರಲ್ಲಿ ಮುಂಬಯಿಯಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಮಿಷನರಿಯ ಮುಂದಾಳುತನದಲ್ಲಿ ಶುರುವಾದ ಟಾಟಾ ಸಮಾಜಕಾರ್ಯ ಶಾಲೆ. ಎಲ್ಲ ಸರಿ. ಆದರೆ ಮಂಗಳೂರು ಎಲ್ಲಿ? "ಹೋದ ವಾರ ನೀವೆಲ್ಲ ನಾಟಕ ನೋಡಿದಿರಲ್ಲ ಟೌನ್‌ಹಾಲಿನಲ್ಲಿ, ಅದಕ್ಕೆ ಯಾರ ಹೆಸರು ಇಟ್ಟಿದ್ದಾರೆ?" ಎಂದು ಕೇಳಿದೆ. "ಟೌನ್‌ಹಾಲ್ ಅಂತಲೇ ಅಲ್ವಾ ಆಂಟಿ?" ಎಂದಿತು ಒಂದು ಮಗು. ಅಲ್ಲಿಂದ ಶುರುವಾಯಿತು ನೋಡಿ ನನ್ನದು. ಆ ಟೌನ್‌ಹಾಲಿಗೆ ಯಾರ ಹೆಸರಿಟ್ಟಿದ್ದಾರೋ ಆ ವಕೀಲ ಕುದ್ಮುಲ್ ರಂಗರಾಯರು ಜಾತಿಯವರ ಬಹಿಷ್ಕಾರಕ್ಕೆ ಜಗ್ಗದೆ ದಲಿತ ಮಕ್ಕಳಿಗೆ ಶಾಲೆ ತೆರೆದದ್ದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು, ಆ ಮಕ್ಕಳು ಓದಿ ದೊಡ್ಡವರಾಗಿ ಓಡಾಡುವ ಕಾರಿನ ಧೂಳು ತನ್ನ ತಲೆಗೆ ತಾಗಬೇಕೆಂದು ಬಯಸಿದ್ದು. ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಮದ್ದು ಕೊಡಲು ಕೂತ ಜರ್ಮನ್ ಜೆಸ್ವಿಟ್ ಫಾದರ್ ಮುಲ್ಲರ್ ಆಮೇಲೆ ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟದ್ದು. ನಾನು ಮುಗಿಸುವಾಗ ಕ್ಯಾಂಟೀನಿನ ಗೋಳಿಬಜೆ ಖಾಲಿಯಾಗಿತ್ತು. ಅವತ್ತಿನಿಂದ ನನ್ನಲ್ಲಿ ಯಾರೂ ಸಂದೇಹ ಕೇಳಲು ಬರುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಫೆಲಿಕ್ಸ್ ಬೀಸ್ಟೆಕ್ ಎಂಬ ಅಮೆರಿಕದ ಜೆಸ್ವಿಟ್ ಪಾದ್ರಿ 1957ರಲ್ಲಿ ಏಳು ಸೂತ್ರ ಬರೆದಿಟ್ಟಿದ್ದಾರೆ. ಕಷ್ಟ ಹೇಳಿಕೊಂಡು ಬಂದವರ ಜೊತೆ ಸಮಾಜಕಾರ್ಯಕರ್ತರು ಹೇಗಿರಬೇಕು ಎಂಬ ಬಗ್ಗೆ. ಬಂದವರನ್ನು ಇದ್ದ ಹಾಗೆ ಒಪ್ಪಿಕೊಳ್ಳಬೇಕು, ತೀರ್ಪು ಕೊಡಬಾರದು, ಹೇಳಿದ್ದನ್ನು ಗುಟ್ಟಾಗಿಡಬೇಕು, ಇತ್ಯಾದಿ. ಆರು ಸೂತ್ರಗಳನ್ನು ಹೇಗೋ ಒಪ್ಪಿಕೊಂಡೆ. ಉಳಿದ ಒಂದು ಗಂಟಲಲ್ಲಿ ಸಿಕ್ಕಿಕೊಂಡಿತು: ತನ್ನ ಬದುಕಿನ ನಿರ್ಧಾರವನ್ನು ಬಂದವರೇ ತೆಗೆದುಕೊಳ್ಳಬೇಕು, ನಾವು ಸಲಹೆ ಕೊಡಬಾರದು. ಮಾರಾಯ್ರೆ, ಸಂಬಳ ಬರುತ್ತಿದ್ದ ಅಷ್ಟೂ ವರ್ಷ ನಾನು ಮಾಡಿದ್ದು ಅದೊಂದೇ. ಎಫ್‌ಡಿ ಮಾಡಿ, ಚಿಟ್‌ಫಂಡಿಗೆ ಹಾಕಬೇಡಿ, ನಾಮಿನಿ ಬರೆಸಿ, ಅಳಿಯನಿಗೆ ಎಟಿಎಂ ಪಿನ್ ಹೇಳಬೇಡಿ. "ಮಾಹಿತಿ ಕೊಡಬಹುದು, ನಿರ್ಧಾರ ಕೊಡಬಾರದು," ಎಂದರು ನಮ್ಮ ಫೀಲ್ಡ್‌ವರ್ಕ್ ನೋಡಿಕೊಳ್ಳುವ ಸಿಸ್ಟರ್. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಾಳ್ಮೆಯಲ್ಲಿ ಬಹಳ ದೊಡ್ಡವರು.

ವಾರದಲ್ಲಿ ಎರಡು ದಿನ ಫೀಲ್ಡ್‌ವರ್ಕ್. ನನ್ನನ್ನು ಹಾಕಿದ್ದು ಒಂದು ಕುಟುಂಬ ಸಲಹಾ ಕೇಂದ್ರಕ್ಕೆ. ಬೋರ್ಡಿನಲ್ಲೇ ಸಲಹೆ ಎಂದು ಬರೆದಿದ್ದರೂ ಒಳಗೆ ಕೊಡುವಂತಿಲ್ಲ. ಮೊದಲ ದಿನ ನನ್ನೆದುರು ಬಂದು ಕೂತದ್ದು ಬೀಡಿ ಕಟ್ಟುವ ಒಬ್ಬ ಅಕ್ಕ. ಹೆಸರು, ಊರು ಹೇಳುವುದಿಲ್ಲ, ಗುಟ್ಟಿನ ಸೂತ್ರ ಉಂಟಲ್ಲ. ಮೊದಲು ಮೃದುವಾಗಿ ಮಾತಾಡಿಸಿ ವಿಶ್ವಾಸ ಬೆಳೆಸಬೇಕು ಎಂದು ಪಾಠವಾಗಿತ್ತು. ನನ್ನ ಬಾಯಿಯಿಂದ ಬಂದದ್ದು, "ಆಧಾರ್ ಝೆರಾಕ್ಸ್, ಎರಡು ಫೋಟೊ." ಸಿಸ್ಟರ್ ಕಣ್ಣುಮುಚ್ಚಿಕೊಂಡರು. ಅಕ್ಕನ ಮುಖ ಮಾತ್ರ ಅರಳಿತು. ಬ್ಯಾಗಿನಿಂದ ಪ್ಲಾಸ್ಟಿಕ್ ತೊಟ್ಟೆ ತೆಗೆದು ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ವೋಟರ್ ಐಡಿ ಎಲ್ಲ ಮೇಜಿನ ಮೇಲೆ ಹರವಿದರು. ವಿಶ್ವಾಸ ಅಲ್ಲೇ ಬೆಳೆಯಿತು.

ಅವರ ಕಷ್ಟ ಗೃಹಲಕ್ಷ್ಮಿಯದ್ದು. ತಿಂಗಳಿಗೆ 2,000 ರೂಪಾಯಿ ಬರಬೇಕಾದದ್ದು ಖಾತೆಗೆ ಬಂದಿರಲಿಲ್ಲ. ಇವಳೇ ಖರ್ಚು ಮಾಡಿ ಸುಳ್ಳು ಹೇಳುತ್ತಿದ್ದಾಳೆ ಎಂದು ಮನೆಯಲ್ಲಿ ದಿನಾ ಜಗಳ. ಪಾಸ್‌ಬುಕ್ ನೋಡಿದೆ, ನಮ್ಮದೇ ಹಳೆಯ ಬ್ಯಾಂಕು! ಕಣ್ಣು ಮಂಜಾಯಿತು, ಆದರೆ ತಲೆ ಓಡಿತು. ಸರ್ಕಾರದ ದುಡ್ಡು ಹೋಗುವುದು ನಾವು ಪಾಸ್‌ಬುಕ್ ತೋರಿಸಿದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಯಾವಾಗಲೋ ಮೊಬೈಲ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ತೆರೆದ ಖಾತೆಯೊಂದರಲ್ಲಿ ಅಷ್ಟೂ ಕಂತು ಬೆಚ್ಚಗೆ ಕೂತಿತ್ತು. ಜಗಳ ನಿಂತಿತು. ಇದರಲ್ಲಿ ಅಕ್ಕನ ಭಾವನೆಗಳನ್ನು ನಾನು ಎಲ್ಲಿ ಕೇಳಿದೆ ಎಂದು ಸಿಸ್ಟರ್ ಪ್ರಶ್ನಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ಕೆಲವು ದುಃಖಗಳಿಗೆ ಕಿವಿ ಬೇಕು, ಕೆಲವಕ್ಕೆ ಆಧಾರ್ ಜೋಡಣೆಯ ಫಾರಂ ಸಾಕು. ಯಾವುದಕ್ಕೆ ಯಾವುದು ಎಂದು ಬೀಸ್ಟೆಕ್ ಪಾದ್ರಿಗಳು ಬರೆದ ಹಾಗಿಲ್ಲ.

ಪ್ರತಿ ಭೇಟಿಯ ಬಳಿಕ ವರದಿ ಬರೆಯಬೇಕು. ಅವರು ಏನೆಂದರು, ನಾವು ಏನೆಂದೆವು, ಆಗ ನಮ್ಮ ಮನಸ್ಸಿನಲ್ಲಿ ಏನಾಯಿತು ಎಂದು ಎಲ್ಲವನ್ನೂ. ಮೊದಲ ವರದಿಯಲ್ಲಿ "ನಿಮ್ಮ ಭಾವನೆಗಳು" ಎಂಬ ಕಾಲಮ್ಮಿನಲ್ಲಿ "ನಿಲ್" ಎಂದು ಬರೆದು ಕೆಳಗೆ ಅಡ್ಡಗೆರೆ ಎಳೆದಿದ್ದೆ. ಖಾಲಿ ಬಿಟ್ಟರೆ ಬೇರೆಯವರು ತುಂಬಿಸಿಬಿಡುತ್ತಾರಲ್ಲ.

ಮುಂದಿನದು ಮನೆ ಭೇಟಿ. ಹೋದ ಮನೆಯಲ್ಲಿ ಏನನ್ನೂ ಸ್ವೀಕರಿಸಬಾರದು ಎಂಬುದು ವೃತ್ತಿಧರ್ಮ. ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಿಗೆ ಶುರು ಮಾಡಬಾರದು ಎಂಬುದು ತುಳುನಾಡಿನ ಧರ್ಮ. ಸಿಹಿ ಮುಟ್ಟಬಾರದು ಎಂಬುದು ನನ್ನ ಡಾಕ್ಟರರ ಧರ್ಮ. ಮೂರನ್ನೂ ಸರಿದೂಗಿಸಲು ಬೆಲ್ಲದ ಒಂದು ಚೂರು ಮುರಿದೆ. "ಎಂತ ಟೀಚರ್, ಇಲಿ ಕಚ್ಚಿದ ಹಾಗೆ!" ಎಂದು ಅಕ್ಕ ದೊಡ್ಡ ಉಂಡೆಯನ್ನೇ ಕೈಗಿಟ್ಟರು. ಇವರು ಕೊಡುವ ಬೆಲ್ಲವನ್ನು ಬೇಡವೆಂದರೆ ಮುಂದೆ ಇವರು ಕಷ್ಟವನ್ನಾದರೂ ಯಾಕೆ ಹೇಳುತ್ತಾರೆ? ತಿಂದೆ.

ಬೀಡಿ ಕಾರ್ಮಿಕರ 1966ರ ಕಾಯಿದೆಯನ್ನು ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅಕ್ಕ ಮೊರ ಮಡಿಲಿಗೆಳೆದುಕೊಂಡು, ಎಲೆ ಕತ್ತರಿಸುತ್ತಾ, ಹೊಗೆಸೊಪ್ಪು ತುಂಬಿ ನೂಲು ಸುತ್ತುತ್ತಾ, ಸಾವಿರ ಬೀಡಿಗೆ ಮಜೂರಿ ಹೇಗೆ, ಬೀಡಿ ಬ್ರಾಂಚಿನಲ್ಲಿ ಎಷ್ಟನ್ನು ಸರಿಯಿಲ್ಲವೆಂದು ತಳ್ಳುತ್ತಾರೆ, ಪಿಎಫ್ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ತಲೆಯೆತ್ತದೆ ಹೇಳಿದರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಬಂದ ಅಂಕಗಳಲ್ಲಿ ಮುಕ್ಕಾಲು ಪಾಲು ಅವರದ್ದೇ.

ಹೊರಡುವಾಗ ಕೇಳಿದರು, "ಟೀಚರ್, ತಮ್ಮ ಗೂಡ್ಸ್ ರಿಕ್ಷಾ ತೆಗೆಯುದಂತೆ. ಸಾಲಕ್ಕೆ ನಾನು ಶ್ಯೂರಿಟಿ ಹಾಕ್ಬೇಕಂತೆ. ಹಾಕುದಾ, ಬೇಡ್ವಾ?"

ಬೇಡ ಎಂಬ ಎರಡಕ್ಷರ ಹಲ್ಲಿನ ಹಿಂದೆ ಬಂದು ನಿಂತಿತು. ನುಂಗಿದೆ. "ನಿಮಗೆ ಏನನ್ನಿಸುತ್ತದೆ?" ಎಂದೆ.

"ನನಗೆ ಗೊತ್ತಿದ್ರೆ ನಿಮ್ಮತ್ರ ಯಾಕೆ ಕೇಳುದು?"

ಮಾಹಿತಿ ಕೊಡಬಹುದಲ್ಲ, ಕೊಟ್ಟೆ. 1872ರ ಕರಾರು ಕಾಯಿದೆಯ ಪ್ರಕಾರ ಸಾಲಗಾರನಿಗಿರುವಷ್ಟೇ ಹೊಣೆ ಜಾಮೀನು ನಿಂತವರಿಗೂ ಉಂಟು, ಮೊದಲು ಸಾಲಗಾರನನ್ನೇ ಹಿಡಿಯಬೇಕೆಂದು ಬ್ಯಾಂಕಿಗೆ ಕಟ್ಟುಪಾಡಿಲ್ಲ ಎಂದು ಸಾವಕಾಶವಾಗಿ ವಿವರಿಸಿದೆ. ಅಕ್ಕ ಪೂರ್ತಿ ಕೇಳಿ ತಲೆಯಾಡಿಸಿದರು. "ಅದು ಸರಿ. ಈಗ ಹಾಕುದಾ, ಬೇಡ್ವಾ?"

ಈ ನಡುವೆ ಸೆಮಿಸ್ಟರ್ ಪರೀಕ್ಷೆ ಬಂತು. ಬ್ಯಾಂಕಿನಲ್ಲಿ ಒಂದು ಅಂಕಿ ಹೊಡೆದು ತಿದ್ದಿದರೂ ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಕೈಗೆ ಅದು ಎಷ್ಟು ರೂಢಿಯೆಂದರೆ, ಉತ್ತರಪತ್ರಿಕೆಯಲ್ಲಿ ಕಾಟು ಹೊಡೆದಲ್ಲೆಲ್ಲ ನನ್ನ ಸಹಿ ತಾನೇ ಬಿದ್ದಿತ್ತು. ಕೊಠಡಿ ಮೇಲ್ವಿಚಾರಕ ಹುಡುಗ ಹತ್ತಿರ ಬಂದವನು ಬೆವರಿದ. ಉತ್ತರಪತ್ರಿಕೆಯಲ್ಲಿ ಬರೆದವರ ಗುರುತು ಹಿಡಿಯುವಂಥದ್ದು ಏನಿದ್ದರೂ ಅದು ಅವ್ಯವಹಾರ. ಮಗನ ವಯಸ್ಸಿನವನ ಹಿಂದೆ ನಡೆದು ಪರೀಕ್ಷಾ ಮುಖ್ಯಸ್ಥರ ಕೊಠಡಿಗೆ ಹೋದೆ. ಅದು ಸಹಿಯಲ್ಲ, ಬರಿ ಗೀಚು, ಅದರಿಂದ ಯಾರಿಗೂ ನನ್ನ ಗುರುತು ಸಿಗಲಾರದು ಎಂದು ವಾದಿಸಿದೆ. ಅವರು ಕನ್ನಡಕ ಮೂಗಿಗಿಳಿಸಿ ನೋಡಿ, "ಯಾಕೆ ಸಿಗುವುದಿಲ್ಲ ಮೇಡಂ? ನನ್ನ ಹೋಮ್‌ಲೋನ್ ರಿಜೆಕ್ಟ್ ಆದದ್ದು ಇದೇ ಸಹಿಯಲ್ಲಿ," ಎಂದರು.

ಒಳ್ಳೆಯ ಮನುಷ್ಯ. ಬೈಯದೆ ಹೊಸ ಉತ್ತರಪತ್ರಿಕೆ ಕೊಡಿಸಿದರು. ಉಳಿದ ಹೊತ್ತಿನಲ್ಲಿ ಮೊದಲಿನಿಂದ ಬರೆದೆ, ಒಂದೂ ಕಾಟಿಲ್ಲದೆ.

ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಜ್ಯೋತಿ ಸ್ಟಾಪಿನಲ್ಲಿ ಅಕ್ಕ ಹತ್ತಿದರು. ನಾನು ಮುಂದೆ, ಅವರು ಹಿಂದೆ, ನಡುವೆ ಆಫೀಸು ಬಿಟ್ಟ ಜನ. ಗುಟ್ಟಿನ ಸೂತ್ರದ ಪ್ರಕಾರ ನಾನಾಗಿ ಗುರುತು ತೋರಿಸಬಾರದೆಂದು ಕಿಟಕಿಯ ಕಡೆ ತಿರುಗಿದೆ.

"ಟೀಚರ್! ಹಾಕುದಾ, ಬೇಡ್ವಾ? ನಾಡಿದ್ದು ಬ್ಯಾಂಕಿಗೆ ಬರ್ಲಿಕ್ಕೆ ಹೇಳಿದ್ದಾರೆ!"

ಬಸ್ಸಿನ ಅಷ್ಟೂ ತಲೆಗಳು ನನ್ನತ್ತ ತಿರುಗಿದವು. "ಎಂತ ಹಾಕುದು?" ಎಂದು ಯಾರೋ ಕೇಳಿದರು. ಅಕ್ಕ ತಮ್ಮನಿಂದ ರಿಕ್ಷಾದವರೆಗೆ ಎಲ್ಲವನ್ನೂ ವಿವರಿಸಿದರು. ನಾನು ಸೀಟಿನಿಂದಲೇ ಆದಷ್ಟು ಮೃದುವಾಗಿ, "ಎರಡೂ ಕಡೆ ಯೋಚಿಸಿ ಅಕ್ಕ, ನಿರ್ಧಾರ ನಿಮ್ಮದು," ಎಂದೆ. ಬಸ್ಸಿಡೀ ನನ್ನನ್ನು ತಿರಸ್ಕಾರದಿಂದ ನೋಡಿತು.

ಟಿಕೆಟು ಹರಿಯುತ್ತಿದ್ದ ಕಂಡಕ್ಟರ್ ತಲೆಯೆತ್ತಿದ. "ಅಕ್ಕ, ಮಂಡೆ ಸಮ ಉಂಟಾ ನಿಮ್ದು? ಹಾಕ್ಬೇಡಿ. ನಾನು ಭಾವನಿಗೆ ಹಾಕಿ ಈಗ್ಲೂ ಕಟ್ತಾ ಇದ್ದೇನೆ. ಅವನು ದುಬೈಯಲ್ಲಿ ಆರಾಮ. ರೈಟ್, ಪೋಯಿ!"

ಹಂಪನಕಟ್ಟೆಯಲ್ಲಿ ಇಳಿಯುವಾಗ ಅಕ್ಕ ನನ್ನ ಕಿಟಕಿಯ ಹತ್ತಿರ ಬಂದು, "ಹಾಕುದಿಲ್ಲ ಟೀಚರ್," ಎಂದರು. ದನಿಯಲ್ಲಿ, ಇಷ್ಟು ಸಣ್ಣ ವಿಷಯ ನಿಮಗೆ ಗೊತ್ತಿರಲಿಲ್ಲವಲ್ಲ ಎಂಬ ಕನಿಕರವಿತ್ತು.

ವರದಿ ಬರೆದುಕೊಟ್ಟೆ. ನಾನು ಎಲ್ಲಿಯೂ ಸಲಹೆ ಕೊಟ್ಟಿರಲಿಲ್ಲ. ನಿರ್ಧಾರ ಅಕ್ಕನೇ ತೆಗೆದುಕೊಂಡಿದ್ದರು. ಓದಿ ಸಿಸ್ಟರಿಗೆ ಸಂತೋಷವಾಯಿತು. ಹಸಿರು ಪೆನ್ನಿನಲ್ಲಿ "ವೆರಿ ಗುಡ್" ಎಂದು ಬರೆದು, ಬಿಟ್ಟುಹೋದ ಒಂದು ಕಾಲಮ್ಮಿನ ಮೇಲೆ ಬೆರಳಿಟ್ಟರು. "ಇವರಿಗೆ ಕಷ್ಟಕಾಲದಲ್ಲಿ ಆಸರೆಯಾಗುವವರು ಯಾರು ಎಂದು ಇಲ್ಲಿ ಬರೀಬೇಕು."

ಬಸ್ ಕಂಡಕ್ಟರ್ ಎಂದು ಬರೆದೆ.