ಹೊರನೆಲದಿಂದ ಬಂದು ಕಾಡು ಸೇರಿದ ಪ್ರಾಣಿಗಳನ್ನು ನಿರ್ಮೂಲನ ಮಾಡಬೇಕೆ? ಪರ ಮತ್ತು ವಿರೋಧ

ತುಪ್ಪಳಕ್ಕೆಂದೋ ಬೇಟೆಯ ಮೋಜಿಗೆಂದೋ ಕೀಟಗಳ ಕಾಟ ತಪ್ಪಿಸಲೆಂದೋ ಮನುಷ್ಯನು ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಸಾಗಿಸಿದ ಪ್ರಾಣಿಗಳಲ್ಲಿ ಎಷ್ಟೋ ಇಂದು ಕಾಡು, ಹುಲ್ಲುಗಾವಲು, ಹೊಲದಂಚುಗಳಲ್ಲಿ ಯಾರ ಹಂಗೂ ಇಲ್ಲದೆ ಬದುಕುತ್ತಿವೆ. ಇವುಗಳನ್ನು ಪೂರ್ತಿಯಾಗಿ ತೆಗೆದುಹಾಕುವುದು ಸರಿಯೆ ಎಂಬುದು ಇಲ್ಲಿನ ಪ್ರಶ್ನೆ. ತೆಗೆದುಹಾಕುವುದೆಂದರೆ ಬಹುಮಟ್ಟಿಗೆ ಕೊಲ್ಲುವುದೇ ಆಗಿರುವುದರಿಂದ, ಆ ಮಾತನ್ನು ಕೆಳಗಿನ ಎರಡು ಲೇಖನಗಳೂ ಮುಚ್ಚಿಡುವುದಿಲ್ಲ.

ಪರ: ತಡಮಾಡಿದಷ್ಟೂ ಸಾವು ಹೆಚ್ಚು

1979ರಲ್ಲಿ ಜಪಾನಿನ ಅಮಾಮಿ ಓಶಿಮಾ ದ್ವೀಪದಲ್ಲಿ ಹಾಬು ಎಂಬ ವಿಷದ ಹಾವುಗಳನ್ನು ಅಡಗಿಸಲೆಂದು ಸುಮಾರು 30 ಮುಂಗುಸಿಗಳನ್ನು ತಂದು ಬಿಟ್ಟರು. ಹಾವು ಮುಂಗುಸಿಗಳ ಹಗೆತನವನ್ನು ಕಥೆಗಳಲ್ಲಿ ಕೇಳಿ ಬೆಳೆದವರಿಗೆ ಇದು ಜಾಣ ಉಪಾಯವೆಂದೇ ತೋರೀತು; ಆದರೆ ಹಾಬು ರಾತ್ರಿ ಸಂಚರಿಸುವ ಹಾವು, ಮುಂಗುಸಿ ಹಗಲಿನ ಬೇಟೆಗಾರ. ಎರಡೂ ಎದುರಾಗುವುದೇ ಅಪರೂಪವಾಗಿ, ಮುಂಗುಸಿಗಳು ತಮ್ಮನ್ನು ಕಂಡು ಹೆದರಲು ಕಲಿತಿರದ, ಪ್ರಪಂಚದ ಬೇರೆಲ್ಲೂ ಹೆಚ್ಚಾಗಿ ಸಿಗದ ಅಮಾಮಿ ಮೊಲಗಳ ಮೇಲೆ ಬಿದ್ದವು. 2000ದ ಹೊತ್ತಿಗೆ ಅವುಗಳ ಸಂಖ್ಯೆ 10,000ದಷ್ಟಾಗಿತ್ತೆಂದು ಅಂದಾಜು. 2024ರ ಸೆಪ್ಟೆಂಬರಿನಲ್ಲಿ ದ್ವೀಪವು ಮುಂಗುಸಿಮುಕ್ತವಾಯಿತೆಂದು ಘೋಷಿಸುವ ವೇಳೆಗೆ 30,000ಕ್ಕೂ ಹೆಚ್ಚು ಮುಂಗುಸಿಗಳನ್ನು ಹಿಡಿದು ಮುಗಿಸಬೇಕಾಯಿತು. ಮೊದಲ ವರ್ಷವೇ ಯಾರಾದರೂ ಮನಸ್ಸು ಗಟ್ಟಿ ಮಾಡಿದ್ದರೆ 30 ಪ್ರಾಣಿಗಳಲ್ಲಿ ಮುಗಿಯುತ್ತಿದ್ದ ಕೆಲಸವಿದು. ಕರುಣೆಯ ಹೆಸರಿನಲ್ಲಿ ಕೈಕಟ್ಟಿ ಕೂರುವುದನ್ನು ಸಮರ್ಥಿಸುವವರು ಈ ಲೆಕ್ಕಕ್ಕೆ ಉತ್ತರ ಹೇಳಬೇಕು.

ಕೊಲಂಬಿಯಾದಲ್ಲಿ ಇದೇ ಲೆಕ್ಕ ಈಗ ಕಣ್ಣೆದುರೇ ಬೆಳೆಯುತ್ತಿದೆ. ಮಾದಕವಸ್ತುಗಳ ದೊರೆ ಪಾಬ್ಲೊ ಎಸ್ಕೊಬಾರ್ ತನ್ನ ಖಾಸಗಿ ಮೃಗಾಲಯಕ್ಕೆ ತರಿಸಿದ ನಾಲ್ಕು ನೀರಾನೆಗಳು, 1993ರಲ್ಲಿ ಅವನು ಸತ್ತ ಮೇಲೆ ಹೇಳುವವರು ಕೇಳುವವರಿಲ್ಲದೆ ಮಗ್ದಲೇನಾ ನದಿಯ ಬಯಲಿಗೆ ಹರಡಿಕೊಂಡವು. 2009ರಲ್ಲಿ ಒಂದು ಗಂಡನ್ನು ಗುಂಡಿಕ್ಕಿ ಕೊಂದಾಗ, ಅದರ ಹೆಣದ ಸುತ್ತ ಸೈನಿಕರು ನಿಂತ ಚಿತ್ರವನ್ನು ಕಂಡು ಜನ ಸಿಡಿದೆದ್ದರು. ಬೇಟೆ ನಿಂತಿತು, ನೀರಾನೆಗಳು ನಿಲ್ಲಲಿಲ್ಲ. 2023ರ ಅಂದಾಜಿನಂತೆ ಅವು 170ರ ಆಸುಪಾಸಿನಲ್ಲಿದ್ದವು. ಈ ಪ್ರಾಣಿ ರಾತ್ರಿಯೆಲ್ಲ ದಡದ ಮೇಲೆ ಹುಲ್ಲು ಮೇಯುತ್ತದೆ, ಹಗಲೆಲ್ಲ ನೀರಿನಲ್ಲಿ ಬಿದ್ದುಕೊಂಡು ಅಲ್ಲಿಯೇ ಸಗಣಿ ಹಾಕುತ್ತದೆ. ಆ ಗೊಬ್ಬರ ಕೆರೆಗಳಲ್ಲಿ ಪಾಚಿಯನ್ನು ಬೆಳೆಸಿ, ನೀರಿನೊಳಗಿನ ಆಮ್ಲಜನಕವನ್ನು ಕುಗ್ಗಿಸಿ, ಮೀನುಗಳಿಗೆ ಉಸಿರುಗಟ್ಟಿಸುವ ಸ್ಥಿತಿ ತರುತ್ತದೆ. ಸಂತಾನಹರಣ ಮಾಡಿಸಬಹುದಲ್ಲ ಎಂದು ಕೇಳುವವರು, ಟನ್ನುಗಟ್ಟಲೆ ತೂಗುವ, ದೇಹದೊಳಗೇ ವೃಷಣಗಳನ್ನು ಹೊತ್ತ ಈ ಪ್ರಾಣಿಗೆ ಅರಿವಳಿಕೆ ಕೊಟ್ಟು, ಅದು ನೀರಿಗಿಳಿದು ಮುಳುಗಿ ಸಾಯದಂತೆ ನೋಡಿಕೊಂಡು, ದಪ್ಪ ಚರ್ಮವನ್ನು ಕೊಯ್ಯುವುದೆಂದರೇನೆಂದು ಒಮ್ಮೆ ಊಹಿಸಿಕೊಳ್ಳಬೇಕು.

ಹೊರಗಿನದು ಎಂಬ ಮಾತಿಗೆ ದೇಶದ ಗಡಿಯ ಅರ್ಥವಿಲ್ಲ. ಭಾರತದ ಮುಖ್ಯಭೂಮಿಯಲ್ಲಿ ಹುಲಿ, ಚಿರತೆ, ಸೀಳುನಾಯಿಗಳ ನಡುವೆ ಅಳತೆಯಲ್ಲಿರುವ ಚುಕ್ಕೆ ಜಿಂಕೆಯು, ಬ್ರಿಟಿಷರು ಅದನ್ನು ಒಯ್ದು ಬಿಟ್ಟ ಅಂಡಮಾನಿನಲ್ಲಿ ತನ್ನನ್ನು ತಿನ್ನುವವರಿಲ್ಲದ ಕಾರಣಕ್ಕೆ ಕಾಡಿನ ಎಳೆಯ ಸಸಿಗಳನ್ನು ಮೇಲೇಳಲು ಬಿಡದ ಪ್ರಾಣಿಯಾಯಿತು. ಜಿಂಕೆ ಅದೇ, ದೇಶವೂ ಅದೇ. ಅದರ ಜೊತೆ ಬೆಳೆದುಬಂದ ಬೇಟೆಗಾರರು ಮಾತ್ರ ಅಲ್ಲಿಲ್ಲ.

ಆ ಜೊತೆಬೆಳವಣಿಗೆ ಎಂದರೆ ಏನೆಂಬುದನ್ನು ದಕ್ಷಿಣ ಅಮೆರಿಕದ ತುದಿಯಲ್ಲಿರುವ ಟಿಯೆರಾ ಡೆಲ್ ಫುಯೆಗೊದಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಕಡಿಮೆ. 1946ರಲ್ಲಿ ತುಪ್ಪಳದ ಉದ್ಯಮ ಕಟ್ಟುವ ಆಸೆಯಿಂದ ಹಲ್ಲಿನಿಂದ ಮರ ಕಡಿದು ತೊರೆಗೆ ಒಡ್ಡು ಕಟ್ಟುವ ದಂಶಕಗಳಾದ ಕೆನಡಾದ ಬೀವರ್‌ಗಳನ್ನು ಅಲ್ಲಿ ಬಿಡಲಾಯಿತು. ಉದ್ಯಮ ಏಳಲಿಲ್ಲ, ಬೀವರ್‌ಗಳು ಎದ್ದವು. ಉತ್ತರ ಅಮೆರಿಕದಲ್ಲಿ ಬೀವರ್ ಕಡಿದ ಎಷ್ಟೋ ಮರಗಳು ಬುಡದಿಂದ ಮತ್ತೆ ಚಿಗುರುತ್ತವೆ, ಏಕೆಂದರೆ ಸಾವಿರಾರು ತಲೆಮಾರುಗಳ ಕಾಲ ಆ ಹಲ್ಲುಗಳ ಜೊತೆಗೇ ಬಾಳಿದ ಮರಗಳವು. ದಕ್ಷಿಣದ ಲೆಂಗಾ ಮರಕ್ಕೆ ಆ ವಿದ್ಯೆ ಗೊತ್ತಿಲ್ಲ. ಕಡಿದ ಮರ ಅಲ್ಲಿಗೇ ಮುಗಿಯಿತು. ಕಡಿಯದ ಮರ, ಬೀವರ್ ಕಟ್ಟಿದ ಒಡ್ಡಿನ ಹಿಂದೆ ನಿಂತ ನೀರಿನಲ್ಲಿ ಬೇರು ಕೊಳೆತು ಸತ್ತಿತು. ತೊರೆಯ ಇಕ್ಕೆಲಗಳಲ್ಲಿ ತೊಗಟೆ ಕಳಚಿ ಬೆಳ್ಳಗೆ ನಿಂತ ಆ ಮರಗಳ ಸಾಲಿನಲ್ಲಿ ಬೀವರ್‌ನ ತಪ್ಪು ಒಂದಿಷ್ಟೂ ಇಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ತಪ್ಪಿಲ್ಲವೆಂದ ಮಾತ್ರಕ್ಕೆ ಮರ ಬದುಕುವುದಿಲ್ಲ.

ಕೊಲ್ಲುವುದು ಕ್ರೂರವೆಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಕೊಲ್ಲದಿರುವ ತೀರ್ಮಾನದಿಂದಲೂ ಪ್ರಾಣಿಗಳು ಸಾಯುತ್ತವೆ, ಆ ಸಾವಿನ ಚಿತ್ರ ತೆಗೆಯುವವರು ಇರುವುದಿಲ್ಲ, ಅಷ್ಟೇ. 1935ರಲ್ಲಿ ಕಬ್ಬಿನ ದುಂಬಿಗಳನ್ನು ತಿನ್ನಲೆಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ತಂದ ಕೇನ್ ಟೋಡ್ ಎಂಬ ನೆಲಗಪ್ಪೆ ದುಂಬಿಗಳನ್ನು ಮುಗಿಸಲಿಲ್ಲ. ಅದನ್ನು ಎಂದಿನ ಕಪ್ಪೆಯೆಂದು ಬಗೆದು ಬಾಯಿ ಹಾಕಿದ ಕ್ವಾಲ್ ಎಂಬ ಪುಟ್ಟ ಬೇಟೆಗಾರ ಪ್ರಾಣಿ, ಕಪ್ಪೆಯ ಹೆಗಲ ಗ್ರಂಥಿಯಿಂದ ಒಸರುವ ಹಾಲಿನಂಥ ವಿಷಕ್ಕೆ ಸಿಕ್ಕಿ ಹೃದಯ ನಿಂತು ಸಾಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಸರಕಿನ ನಡುವೆ ಸೇರಿಕೊಂಡು ಗುವಾಮ್ ದ್ವೀಪಕ್ಕೆ ಬಂದ ಕಂದು ಮರಹಾವು, ಅಲ್ಲಿನ ಕಾಡುಹಕ್ಕಿಗಳಲ್ಲಿ ಹೆಚ್ಚಿನವನ್ನು ಅಳಿಸಿಯೇ ಹಾಕಿತು. ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆಯಾದ ಐಪಿಬಿಇಎಸ್ 2023ರಲ್ಲಿ ಕೊಟ್ಟ ವರದಿಯ ಪ್ರಕಾರ, ದಾಖಲಾದ ಜೀವಿಪ್ರಭೇದಗಳ ಅಳಿವಿನಲ್ಲಿ 60 ಪ್ರತಿಶತದ ಹಿಂದೆ ಇಂಥ ಹೊರಗಿನ ಜೀವಿಗಳ ಪಾತ್ರವಿದೆ. ದ್ವೀಪಗಳಲ್ಲಿ ನಡೆದ ನಿರ್ಮೂಲನ ಪ್ರಯತ್ನಗಳಲ್ಲಿ 88 ಪ್ರತಿಶತ ಯಶಸ್ವಿಯಾಗಿವೆ. ಆಗದ ಕೆಲಸವೆಂದು ಮೂಗು ಮುರಿಯುವವರಿಗೆ ಈ ಎರಡನೆಯ ಅಂಕಿ ಸಾಕು.

ದ್ವೀಪದಾಚೆಯ ಹೊಲಗದ್ದೆಗಳಲ್ಲಿಯೂ ಇದು ಆದದ್ದುಂಟು. ತುಪ್ಪಳದ ಸಾಕಣೆಯಿಂದ ತಪ್ಪಿಸಿಕೊಂಡು ಪೂರ್ವ ಇಂಗ್ಲೆಂಡಿನ ಜೌಗುನೆಲದ ದಡಗಳನ್ನು ಕೊರೆಯುತ್ತಿದ್ದ ಕೋಯ್ಪು ಎಂಬ ದೊಡ್ಡ ದಂಶಕವನ್ನು 1981ರಲ್ಲಿ ಆರಂಭವಾದ ಕಾರ್ಯಾಚರಣೆ 1989ರ ಹೊತ್ತಿಗೆ ಪೂರ್ತಿ ತೆಗೆಯಿತು. ಬೋನು ಇಡುವ ಕೂಲಿಯವನಿಗೆ ಪ್ರಾಣಿ ಮುಗಿದರೆ ಕೆಲಸವೂ ಮುಗಿಯುತ್ತದೆ, ಆದ್ದರಿಂದ ಕಡೆಯ ಜೋಡಿಯನ್ನು ಉಳಿಸಿಕೊಳ್ಳುವ ಆಸೆ ಅವನಿಗಿರುವುದು ಸಹಜ. ಇದನ್ನು ಅರಿತವರು, ಬೇಗ ಮುಗಿಸಿದಷ್ಟೂ ಹೆಚ್ಚು ಬಹುಮಾನವೆಂದು ಮೊದಲೇ ಗೊತ್ತುಮಾಡಿದ್ದರು.

ವಿರೋಧ: ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೇಲಿನ ಲೇಖನದಲ್ಲಿ ಬಂದ ಮುಂಗುಸಿಯನ್ನು ಹಾವಿನ ಮೇಲೆ ಬಿಟ್ಟವರು, ಕೇನ್ ಟೋಡನ್ನು ದುಂಬಿಯ ಮೇಲೆ ಬಿಟ್ಟವರು ಯಾರೂ ದಡ್ಡರಾಗಿರಲಿಲ್ಲ. ತಮ್ಮ ಕಾಲದ ತಿಳಿವಳಿಕೆಯಂತೆ ಅವರೂ ಪ್ರಕೃತಿಯನ್ನು ಸರಿಪಡಿಸಲು ಹೊರಟವರೇ. ನ್ಯೂಜಿಲೆಂಡಿನಲ್ಲಿ ತಂದು ಬಿಟ್ಟ ಮೊಲ ಮಿತಿಮೀರಿದಾಗ, ಹಕ್ಕಿಗಳ ಬಗ್ಗೆ ಬಲ್ಲವರು ಬೇಡವೆಂದರೂ ಕೇಳದೆ, 1880ರ ದಶಕದಲ್ಲಿ ಸ್ಟೋಟ್ ಎಂಬ ಮಾಂಸಾಹಾರಿಯನ್ನು ತಂದರು. ಅದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಪಾಲಿಗೆ ಮೊಲಕ್ಕಿಂತ ನೂರು ಪಾಲು ಕೆಟ್ಟದಾಯಿತು. ಇಂದು ವಿಷದ ಕಾಳು ಹಿಡಿದು ನಿಂತಿರುವ ಕೈಯೂ ಅದೇ ಕೈ. ಆ ಕೈ ಈ ಸಲ ತಪ್ಪುವುದಿಲ್ಲವೆಂಬ ಭರವಸೆ ನನಗಿಲ್ಲ.

ಒಂದು ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ಪುಟ್ಟ ದ್ವೀಪದಲ್ಲಿ, ಪ್ರಪಂಚದ ಬೇರೆಲ್ಲೂ ಇಲ್ಲದ ಹಕ್ಕಿಯ ಮೊಟ್ಟೆಗಳನ್ನು ಇಲಿಗಳು ತಿನ್ನುತ್ತಿದ್ದರೆ, ಆ ಇಲಿಗಳನ್ನು ತೆಗೆಯುವುದಕ್ಕೆ ನನ್ನ ತಕರಾರಿಲ್ಲ. ಆದರೆ 88 ಪ್ರತಿಶತದ ಆ ಅಂಕಿ ದ್ವೀಪಗಳದ್ದು. ನಾಲ್ಕು ಕಡೆ ಸಮುದ್ರವಿದ್ದಲ್ಲಿ ಕಡೆಯ ಪ್ರಾಣಿಯನ್ನು ಹುಡುಕಬಹುದು, ಖಂಡದ ಬಯಲಿನಲ್ಲಿ ಇಂದು ಕೊಂದ ಜಾಗಕ್ಕೆ ನಾಳೆ ಪಕ್ಕದ ಕಣಿವೆಯಿಂದ ಮತ್ತೊಂದು ಬರುತ್ತದೆ. ಅಂಥಲ್ಲಿ ನಿರ್ಮೂಲನವೆಂಬ ಹೆಸರಿನಲ್ಲಿ ನಡೆಯುವುದು ಕೊನೆಯಿಲ್ಲದ ಕೊಲೆ. ಇಷ್ಟಕ್ಕೂ ದ್ವೀಪದಲ್ಲಾದರೂ ಲೆಕ್ಕ ಸರಿಬರುತ್ತದೆಯೆ? ಅಂಟಾರ್ಕ್ಟಿಕಾಕ್ಕೆ ಹೋಗುವ ದಾರಿಯ ಮ್ಯಾಕ್ವಾರಿ ದ್ವೀಪದಲ್ಲಿ 2000ದ ವೇಳೆಗೆ ಬೆಕ್ಕುಗಳನ್ನು ಪೂರ್ತಿ ತೆಗೆದರು. ಬೆಕ್ಕುಗಳು ಕಡಲಹಕ್ಕಿಗಳನ್ನಷ್ಟೇ ಅಲ್ಲ, ಮೊಲಗಳನ್ನೂ ತಿನ್ನುತ್ತಿದ್ದವು. ಮೊಲಗಳ ರೋಗ ತನ್ನ ಬಿಗಿ ಕಳೆದುಕೊಂಡದ್ದೂ ಸೇರಿ ಬೇರೆ ಕಾರಣಗಳಿದ್ದರೂ, ಬೆಕ್ಕು ಹೋದ ಮೇಲೆ ಮೊಲಗಳು ಗುಡ್ಡದ ಇಳಿಜಾರುಗಳನ್ನು ಬೋಳು ಮಾಡಿದವು, ಸಡಿಲಾದ ಮಣ್ಣು ಕುಸಿಯಿತು. ಮೊಲ, ಇಲಿಗಳನ್ನೂ ಮುಗಿಸಿ 2014ರಲ್ಲಿ ದ್ವೀಪ ಶುದ್ಧವಾಯಿತೆಂದು ಸಾರಿದರು, ನಿಜ. ಆದರೆ ನಡುವಿನ ಆ ವರ್ಷಗಳ ಪಾಠವನ್ನು ನಿರ್ಮೂಲನವಾದಿಗಳು ಬಾಯಿಬಿಟ್ಟು ಹೇಳುವುದು ಕಡಿಮೆ.

ಕೊಲ್ಲುವ ರೀತಿಯನ್ನೂ ಹತ್ತಿರದಿಂದ ನೋಡಬೇಕು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಮೋಜಿಗೆಂದು ವಿಕ್ಟೋರಿಯಾದಲ್ಲಿ ಇಂಗ್ಲೆಂಡಿನ ಮೊಲಗಳನ್ನು ಬಿಟ್ಟ. ಅವು ಆಸ್ಟ್ರೇಲಿಯಾವನ್ನೇ ಆವರಿಸಿದಾಗ 1950ರಲ್ಲಿ ಸರ್ಕಾರವೇ ಮಿಕ್ಸೋಮಾ ವೈರಸನ್ನು ಹರಡಿತು. ಸೋಂಕು ತಗುಲಿದ ಮೊಲದ ರೆಪ್ಪೆಗಳು ಊದಿ ಕೀವುಗಟ್ಟಿ ಮುಚ್ಚಿಕೊಳ್ಳುತ್ತವೆ, ತಲೆ ಬಾತು, ಕಣ್ಣು ಕಾಣದ ಮೊಲ ಬಯಲಲ್ಲೇ ದಿನಗಟ್ಟಲೆ ಕುಳಿತು ಸಾಯುತ್ತದೆ. ಅಷ್ಟೆಲ್ಲ ಆಗಿ, ಬದುಕಿ ಉಳಿದವುಗಳ ಸಂತಾನಕ್ಕೆ ರೋಗನಿರೋಧ ಬಂದು, ವೈರಸ್ಸೂ ಸೌಮ್ಯವಾಗಿ, ಮೊಲಗಳು ಮರಳಿದವು. 1995ರಲ್ಲಿ ಮತ್ತೊಂದು ವೈರಸ್, ಅದೂ ಪ್ರಯೋಗದ ದ್ವೀಪದಿಂದ ಅನುಮತಿಗೆ ಮುಂಚೆಯೇ ತಪ್ಪಿಸಿಕೊಂಡು, ಖಂಡಕ್ಕೆ ಕಾಲಿಟ್ಟಿತು. ಅದೇ ಖಂಡದ ಮರುಭೂಮಿಯಲ್ಲಿ ರೈಲು, ಲಾರಿಗಳಿಗೆ ಮುಂಚೆ ಸರಕು ಹೊತ್ತ ಒಂಟೆಗಳನ್ನು ಮೋಟಾರು ಬಂದೊಡನೆ ಬೇಡವೆಂದು ಬಿಟ್ಟರು. ಅವುಗಳ ಮೊಮ್ಮಕ್ಕಳಲ್ಲಿ ಸುಮಾರು 1,60,000ವನ್ನು 2009ರಿಂದ 2013ರ ನಡುವಿನ ಕಾರ್ಯಾಚರಣೆಯಲ್ಲಿ ತೆಗೆದರು, ಬಹಳಷ್ಟನ್ನು ಹೆಲಿಕಾಪ್ಟರಿನಿಂದ ಗುಂಡು ಹಾರಿಸಿ. ದುಡಿಸಿಕೊಂಡವರ ಲೆಕ್ಕಪುಸ್ತಕದಲ್ಲಿ ಆ ಋಣಕ್ಕೆ ಒಂದು ಸಾಲೂ ಇಲ್ಲ.

ಐಪಿಬಿಇಎಸ್ ವರದಿಯನ್ನು ಎದುರುಪಕ್ಷದವರು ಅರ್ಧ ಓದಿದ್ದಾರೆ. ಮನುಷ್ಯನಿಂದ ಹೊಸ ನೆಲಕ್ಕೆ ಬಂದು ನೆಲೆಯೂರಿದ ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳು 37,000ಕ್ಕೂ ಹೆಚ್ಚು ಎಂದು ಹೇಳುವ ಅದೇ ವರದಿ, ಅವುಗಳಲ್ಲಿ ಹಾನಿಕರವೆಂದು ತಿಳಿದಿರುವುದು 3,500ಕ್ಕೆ ಮೇಲ್ಪಟ್ಟು ಎನ್ನುತ್ತದೆ. ಹತ್ತರಲ್ಲಿ ಒಂದು. ಉಳಿದ ಒಂಬತ್ತನ್ನು ಹುಟ್ಟಿದ ನೆಲ ಕೇಳಿ ಅಪರಾಧಿಯ ಸಾಲಿನಲ್ಲಿ ನಿಲ್ಲಿಸುವುದು ಯಾವ ವಿಜ್ಞಾನ? ನಡತೆಯನ್ನು ನೋಡಿ ತೀರ್ಪು ಕೊಡುವುದಾದರೆ ಒಪ್ಪಬಹುದು, ವಂಶಾವಳಿಯನ್ನು ನೋಡಿ ಅಲ್ಲ.

ಹಾನಿ ಮಾಡುವ ಹತ್ತನೆಯದಕ್ಕೂ ಬಂದೂಕು ಒಂದೇ ದಾರಿಯಲ್ಲ. 1876ರಲ್ಲಿ ಅಮೆರಿಕದಿಂದ ತಂದು ಬ್ರಿಟನ್ನಿನಲ್ಲಿ ಬಿಟ್ಟ ಬೂದು ಅಳಿಲು, ತನಗೇನೂ ಮಾಡದ ಆದರೆ ಅಲ್ಲಿನ ಕೆಂಪು ಅಳಿಲನ್ನು ಕೊಲ್ಲುವ ಸಿಡುಬಿನಂಥ ವೈರಸನ್ನು ಹೊತ್ತು ಹರಡಿತು. ದಶಕಗಳ ಕಾಲ ಗುಂಡು, ಬೋನು, ವಿಷ ಎಲ್ಲ ಆದರೂ ಬೂದು ಅಳಿಲು ಹೋಗಲಿಲ್ಲ. ಐರ್ಲೆಂಡಿನಲ್ಲಿ ಅದನ್ನು ಹಿಮ್ಮೆಟ್ಟಿಸಿದ್ದು ಪೈನ್ ಮಾರ್ಟನ್ ಎಂಬ, ಮರವೇರುವ ಅಲ್ಲಿನದೇ ಬೇಟೆಗಾರ. ಅದರ ವಾಸನೆಗೆ ಕೆಂಪು ಅಳಿಲು ಹುಷಾರಾಗುತ್ತದೆ, ತಲೆತಲಾಂತರದ ಪರಿಚಯ. ಬೂದು ಅಳಿಲು ಗಮನಿಸದೆ ಕಾಳು ತಿನ್ನುತ್ತಲೇ ಇರುತ್ತದೆ. ಹಿಂದೆ ಬೇಟೆಹಕ್ಕಿಗಳನ್ನು ಕಾಯುವವರು ಈ ಮಾರ್ಟನ್‌ಗಳನ್ನೇ ಪೀಡೆಯೆಂದು ಹುಡುಕಿ ಹುಡುಕಿ ಕೊಂದಿದ್ದರು. ಬೇಲಿಯನ್ನು ಕಿತ್ತವರು ನಾವು, ದನ ನುಗ್ಗಿತೆಂದು ಬೊಬ್ಬೆ ಹಾಕಿದವರೂ ನಾವು.

ಬೀವರ್ ಕುರಿತ ವಾದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಲೆಂಗಾ ಮರ ಚಿಗುರುವುದಿಲ್ಲ ಎಂಬುದು ಚಿಗುರುವುದಿಲ್ಲವೇ. ಆದರೆ ಮೊದಲ ವರ್ಷವೇ ಎಲ್ಲವನ್ನೂ ಮುಗಿಸಿಬಿಡಬೇಕಿತ್ತು ಎಂಬ ನಿಯಮವನ್ನು ಎಲ್ಲೆಡೆ ಪಾಲಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಾಂಟೆಂಗ್ ಎಂಬ ಕಾಡುದನ ತೋರಿಸುತ್ತದೆ. 1849ರಲ್ಲಿ ಬ್ರಿಟಿಷರು ಉತ್ತರ ಆಸ್ಟ್ರೇಲಿಯಾದ ಪೋರ್ಟ್ ಎಸಿಂಗ್ಟನ್ ನೆಲೆಯನ್ನು ತೊರೆದು ಹೋಗುವಾಗ, ಆಗ್ನೇಯ ಏಷ್ಯಾದಿಂದ ತಂದಿದ್ದ 20ರಷ್ಟು ಬಾಂಟೆಂಗ್‌ಗಳನ್ನು ಅಲ್ಲಿಯೇ ಬಿಟ್ಟರು. ಅವು ಕೋಬರ್ಗ್ ಪರ್ಯಾಯದ್ವೀಪವನ್ನು ದಾಟಿ ಹೆಚ್ಚು ಹರಡಲಿಲ್ಲ, ಆದರೆ ಸಾವಿರಾರಾದವು. ಅದೇ ಅವಧಿಯಲ್ಲಿ ಮೂಲ ನೆಲೆಯ ಕಾಡುಗಳಲ್ಲಿ ಬೇಟೆ ಮತ್ತು ಕಾಡುನಾಶಕ್ಕೆ ಸಿಕ್ಕ ಬಾಂಟೆಂಗ್ ಅಳಿವಿನಂಚಿಗೆ ಬಂದು ನಿಂತಿದೆ. ಇಂದು ಜಗತ್ತಿನ ಅತಿದೊಡ್ಡ ಕಾಡು ಬಾಂಟೆಂಗ್ ಹಿಂಡುಗಳಲ್ಲಿ ಒಂದು ಇರುವುದು, ಅದು ಸೇರದ ಆ ಖಂಡದ ರಾಷ್ಟ್ರೀಯ ಉದ್ಯಾನದಲ್ಲಿ.